ಕಾಕಂಬಿಯ ಕಾಲು

ನಮ್ಮವ್ವನ ಕಾಲಿಗೆ ಇರುವೆ ಮುತ್ತುತ್ತಿದ್ದವು.

ಮಲಗಿದರೆ ಮುತ್ತುತ್ತಿದ್ದವು. ಉಣ್ಣಲು ಕೂತರೆ ಮುತ್ತುತ್ತಿದ್ದವು. ಎಷ್ಟು ತೊಳೆದರೂ ಹೋಗದ ಸಿಹಿ ಅದು. ಎರಕದ ಮಣ್ಣಿಗೆ ಕಾಕಂಬಿ ಹಾಕುತ್ತಾರೆ. ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ಮರಳು, ಜೇಡಿಮಣ್ಣು, ಕಾಕಂಬಿ ಮೂರನ್ನೂ ಕಲಸಿ ಬರಿಗಾಲಲ್ಲಿ ತುಳಿಯಬೇಕು. ಮುಷ್ಟಿಯಲ್ಲಿ ಹಿಡಿದರೆ ಬೆರಳಿನ ಗೆರೆ ಮೂಡುವ ಹದಕ್ಕೆ ಬರುವ ತನಕ ತುಳಿಯಬೇಕು. ಆ ಮಣ್ಣಿನಲ್ಲಿ ಅಚ್ಚು ಮಾಡುತ್ತಾರೆ. ಆ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಅವ್ವನ ಹಿಮ್ಮಡಿ ಸೀಳಿ ಬಾಯಿ ಬಿಟ್ಟಿತ್ತು. ಸೀಳಿನೊಳಗೆ ಕಾಕಂಬಿ. ಕಾಕಂಬಿಯೊಳಗೆ ಇರುವೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದಳು. ಗಾಯಕ್ಕೆ ಸೀಮೆಎಣ್ಣೆ. "ಶಿವಾ" ಎನ್ನುತ್ತಿದ್ದಳು. ಅಷ್ಟೇ.

ನನಗೆ ಸಿಟ್ಟು ಬರುತ್ತಿದ್ದುದು ಇರುವೆಯ ಮೇಲಲ್ಲ.

ನಾವು ಮಾದಿಗರು. ನನ್ನ ಅಜ್ಜ, ಅವ್ವನ ಅಪ್ಪ ದೊಡ್ಡಬಸಪ್ಪ, ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ರೈಲು ಹತ್ತಿ ಮದ್ರಾಸು ಪಟ್ಟಣಕ್ಕೆ ಬಂದವನು. ಊರಲ್ಲಿ ತೊಗಲು ಹದ ಮಾಡಿದ ಕೈ ಇಲ್ಲಿ ಹಾರ್ಬರಿನಲ್ಲಿ ತಳ್ಳುಗಾಡಿ ನೂಕಿತು. ರಾಯಪುರಂನಲ್ಲಿ, ಮೀನಿನ ನಾತವೂ ಕಲ್ಲಿದ್ದಲ ಧೂಳೂ ಒಂದೇ ತಟ್ಟೆಗೆ ಬೀಳುವ ಓಣಿಯಲ್ಲಿ, ನಮ್ಮ ಗುಡಿಸಲು. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಪದ ಬರುತ್ತಿದ್ದವು. ಗುರುವಿನ ಬಾಯಿಂದ ಅವನ ಬಾಯಿಗೆ ಬಂದ ಪದಗಳು. ವಿಭೂತಿ ಹಚ್ಚಿ, ಏಕತಾರಿ ಹಿಡಿದು ಕೂತರೆ ಓಣಿಯ ತಮಿಳರೂ ಬಂದು ಕೂರುತ್ತಿದ್ದರು. ನಾನು ಮಾತು ಕಲಿಯುವ ಮೊದಲು ಪದ ಕಲಿತೆ. ನನಗೆ ಸರ್ವಮಂಗಳಾ ಎಂದು ಹೆಸರಿಟ್ಟವನೂ ಅವನೇ.

ಹಾರ್ಬರಿನ ವ್ಯಾಪಾರಿಗಳು ಒಂದು ಹಳೇ ಗೋದಾಮಿನಲ್ಲಿ ಟೆಕ್ನಿಕಲ್ ಸ್ಕೂಲು ತೆಗೆದರು. ಕ್ರೇನು ರಿಪೇರಿಗೆ, ಬೋಟಿನ ಇಂಜಿನಿಗೆ ಕಲಿತ ಕೈ ಬೇಕಿತ್ತು ಅವರಿಗೆ. ಎರಕದ ಮನೆಗೆ ಪಾಯ ತೋಡಿದವರಲ್ಲಿ ಅಜ್ಜ ಒಬ್ಬ. ಆಗ ಸ್ಕೂಲಿಗೆಲ್ಲ ಒಂದೇ ಬಾಗಿಲು. ಮಾಸ್ತರರೂ ಅದರಲ್ಲೇ, ಮಣ್ಣು ಹೊರುವವರೂ ಅದರಲ್ಲೇ. ಆಗಲೇ ಒಂದು ಮಾತೂ ಆಗಿತ್ತು. ಇಲ್ಲಿ ದುಡಿಯುವವರ ಮಕ್ಕಳಿಗೆ ಸಂಜೆ ಕ್ಲಾಸು. ಮೂರು ವರ್ಷ. ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು.

ಸ್ಕೂಲು ಬೆಳೆಯಿತು. ಪಾಲಿಟೆಕ್ನಿಕ್ ಆಯಿತು. ಮುಂದಿನ ಬಾಗಿಲು ಮಾಸ್ತರರಿಗೆ, ವಿದ್ಯಾರ್ಥಿಗಳಿಗೆ ಎಂದಾಯಿತು. ನಮಗೆ ಪಕ್ಕದ ಬಾಗಿಲು. ಎಪ್ಪತ್ತರ ಸುಮಾರಿಗೆ ಇಂಜಿನಿಯರಿಂಗ್ ಕಾಲೇಜಾಯಿತು. ಪಕ್ಕದ ಬಾಗಿಲಲ್ಲಿ ಪ್ರಿನ್ಸಿಪಾಲರ ಕಾರು ನಿಂತಿತು. ನಮಗೆ ಹಿಂದಿನ ಬಾಗಿಲು, ಕಕ್ಕಸಿನ ಪಕ್ಕದ್ದು. ಎಂಬತ್ತಮೂರರಲ್ಲಿ ವಿಶ್ವವಿದ್ಯಾಲಯವಾಯಿತು. ಅದು ಎತ್ತರಕ್ಕೆ ಏರಿದಷ್ಟೂ ನಾವು ಬಗ್ಗಿ ಒಳಗೆ ಹೋಗಬೇಕಾಯಿತು.

ಅವ್ವನ ಹೆಸರು ಶಿವಗಂಗಮ್ಮ. ನಾನು ಹೊಟ್ಟೆಯಲ್ಲಿದ್ದಾಗಲೂ ಮಣ್ಣು ತುಳಿದವಳು. ಅವಳ ಜೊತೆಗೆ ರತ್ನಾವತಿಯತ್ತೆ, ಇನ್ನೂ ಕೆಲವರು. ಒಬ್ಬರ ಸೊಂಟಕ್ಕೆ ಒಬ್ಬರು ಕೈ ಹಾಕಿ ಸಾಲಾಗಿ ತುಳಿಯುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಅಜ್ಜ ಕಲಿಸಿದ ಪದ ಹೇಳುತ್ತ ತುಳಿಯುವುದು ರೂಢಿ. ಪದ ಮುಗಿದರೆ ಒಂದು ಗುಡ್ಡೆ ಮಣ್ಣು ಹದವಾಯಿತು ಎಂದೇ ಲೆಕ್ಕ.

ತುಳಿಯೆ ತಂಗಿ ತುಳಿಯೆ, ತುಳಿದ ಮಣ್ಣಿಗೆ ಮುನಿಸಿಲ್ಲ.
ಒಡಲ ಹಸಿವ ಕಲಸಿ ತುಳಿಯೆ, ಒಡೆಯನ ಕಾಲಿಗೆ ಕೆಸರಿಲ್ಲ.

ಹೀಗೇ ಬೆಳೆಯುತ್ತದೆ. ಕೊನೆಗೊಂದು ಸೊಲ್ಲಿದೆ. ಅದನ್ನು ಮಾತ್ರ ಎರಕದ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. "ಅದು ಮನಿಯಾಗ ಹೇಳೂ ಸೊಲ್ಲು. ಅನ್ನ ಕೊಡೂ ಜಾಗದಾಗ ಬ್ಯಾಡ" ಎಂದು ಅಜ್ಜ ಅಂದಿದ್ದ. ಅವನು ಸತ್ತ ಮೇಲೂ ಆ ಮಾತು ಮೀರಿರಲಿಲ್ಲ.

ಕಾಲೇಜಾದ ಮೇಲೆ ಪಕ್ಕದಲ್ಲಿ ಲೆಕ್ಚರ್ ಹಾಲು ಬಂತು. ಗೋಡೆಯ ಮೇಲೆ ಸೈಲೆನ್ಸ್ ಎಂಬ ಬೋರ್ಡು ಬಂತು. ಫೋರ್‌ಮನ್ ವಿಶ್ವನಾಥನ್ ದಿನಕ್ಕೊಮ್ಮೆ ಬಂದು, "ಏಯ್ ಶಿವಗಂಗಾ, ಪಾಟ್ಟು ಪೋದುಂ! ಒಳಗೆ ಪಾಡಂ ನಡಕ್ಕುದು" ಎಂದು ಗದರುತ್ತಿದ್ದ. ಹಾಡು ಸಾಕು, ಪಾಠ ನಡೀತಿದೆ. ಕೊನೆಗೆ ಪದ ತುಟಿಯೊಳಗೇ ಉಳಿಯಿತು. ಕಾಲು ಮಾತ್ರ ಸದ್ದು ಮಾಡುತ್ತಿತ್ತು. ಪಚಕ್, ಪಚಕ್.

ಇನ್ನೊಂದು ರೂಢಿ ಇತ್ತು. ಅದು ಅಜ್ಜ ಮಾಡಿದ್ದಲ್ಲ.

ಕಬ್ಬಿಣ ಹೊಯ್ಯುವಾಗ ತುಳಿಯುವ ಹೆಂಗಸರು ಒಳಗಿರಬಾರದು. ಹೊರಗೆ, ಬೇವಿನ ಮರದ ಆಚೆ ನಿಲ್ಲಬೇಕು. ಅವರ ಹೆಜ್ಜೆ ಅಚ್ಚಿನ ಸುತ್ತ ಎಲ್ಲೂ ಕಾಣಬಾರದು. ವಿಶ್ವನಾಥನ್ ಕರಣೆ ಹಿಡಿದು ಒಂದೊಂದೇ ಹೆಜ್ಜೆ ಸವರಿ ಅಳಿಸುತ್ತಿದ್ದ. ಆಮೇಲೆ ಕರ್ಪೂರ, ನಿಂಬೆಹಣ್ಣು. ಹೆಂಗಸರ ನೆರಳು ಬಿದ್ದರೆ ಕಬ್ಬಿಣದಲ್ಲಿ ಗುಳ್ಳೆ ಏಳುತ್ತದೆ ಎನ್ನುತ್ತಿದ್ದರು. ಹೆಂಗಸರು ಎನ್ನುತ್ತಿದ್ದುದು ಬಾಯಿ. ಕಣ್ಣು ಹೇಳುತ್ತಿದ್ದುದು ಬೇರೆ. ಲೆಕ್ಚರ್ ಹಾಲು ಗುಡಿಸುವ, ಮೇಲುಜಾತಿಯ ಮುದಲಿಯಾರರ ಹೆಂಗಸು ಅದೇ ಹೊತ್ತಿನಲ್ಲಿ ಒಳಗೆ ನಿಂತು ನೋಡುತ್ತಿದ್ದಳು. ಅವಳ ನೆರಳಿಗೆ ಗುಳ್ಳೆ ಏಳುತ್ತಿರಲಿಲ್ಲ.

ಮಣ್ಣು ಅವ್ವನ ಕಾಲಿಂದ ಹದವಾಗಬೇಕು. ಆ ಕಾಲು ಮಾತ್ರ ಕಾಣಬಾರದು.

ನಾನು ಸಂಜೆ ಕ್ಲಾಸು ಸೇರಿದೆ. ಎರಕದ ಕೆಲಸ ತೆಗೆದುಕೊಂಡೆ. ಹುಡುಗಿಯರು ಯಾರೂ ಅದನ್ನು ತೆಗೆದುಕೊಂಡಿರಲಿಲ್ಲ. ಹಾಜರಿ ಕೂಗುವಾಗ ವಿಶ್ವನಾಥನ್, "ಸರ್ವಮಂಗಳಾವಾ! ಹೆಸರು ಅವಳಿಗಿಂತ ಉದ್ದ" ಎಂದ. ಹುಡುಗರು ನಕ್ಕರು.

ಕಲಿಸಿದವರು ಕೊಟ್ರಪ್ಪ ಮೇಷ್ಟ್ರು. ಕೊಟ್ಟೂರು ಕಡೆಯ ಲಿಂಗಾಯತರು. ಸಿಡುಕು ಮನುಷ್ಯ. ನಮ್ಮ ಮನೆಯಲ್ಲಿ ನೀರು ಕುಡಿದವರಲ್ಲ. ನನ್ನ ಕೈಯಿಂದ ಸಲಕರಣೆ ತೆಗೆದುಕೊಳ್ಳುವಾಗಲೂ "ಅಲ್ಲಿಡು" ಎನ್ನುತ್ತಿದ್ದರು, ನೆಲ ತೋರಿಸಿ. ಆದರೆ ಕಲಿಸುವುದರಲ್ಲಿ ಮುಚ್ಚಿಟ್ಟವರಲ್ಲ. ಅಚ್ಚು ತಪ್ಪಿದರೆ ಕಾಲಿಂದ ಒದ್ದು ಕೆಡವಿ, "ಮತ್ತ ಮಾಡು" ಎನ್ನುತ್ತಿದ್ದರು. ಹುಡುಗರದ್ದನ್ನೂ ಹಾಗೆಯೇ ಕೆಡವುತ್ತಿದ್ದರು. ಕಬ್ಬಿಣ ಹೊಯ್ಯುವ ದಿನ ಮಾತ್ರ ನನ್ನನ್ನು ಬೇವಿನ ಮರದ ಆಚೆ ಕಳಿಸುತ್ತಿದ್ದರು. ನಾನು ಕಿಟಕಿಯ ಜಾಲರಿಗೆ ಮುಖ ಒತ್ತಿ ನೋಡಿ ಕಲಿತೆ. ಮನೆಗೆ ಹೋದರೆ ಅವ್ವ ಮುಖದ ಮೇಲಿನ ಜಾಲರಿಯ ಗುರುತನ್ನು ಹೆಬ್ಬೆರಳಿಂದ ತಿಕ್ಕುತ್ತಿದ್ದಳು.

"ಮೇಷ್ಟ್ರೇ, ಪರೀಕ್ಷೆಯಾಗ ನಾನೇ ಹೊಯ್ಯಬೇಕಲ್ಲ?" ಎಂದು ಒಮ್ಮೆ ಕೇಳಿದೆ.

ಕೊನೆಯ ಪರೀಕ್ಷೆ ಎಂದರೆ ಅದೇ. ಒಂದು ವಸ್ತುವಿಗೆ ತಾನೇ ಅಚ್ಚು ಮಾಡಿ, ತಾನೇ ಕಬ್ಬಿಣ ಹೊಯ್ದು, ತೆಗೆದು ತೋರಿಸಬೇಕು. ನನಗೆ ಬಂದದ್ದು ಹಾರ್ಬರಿನ ತಳ್ಳುಗಾಡಿಯ ಗಾಲಿ. ಅಜ್ಜ ಜೀವಮಾನವಿಡೀ ನೂಕಿದ ಗಾಲಿ.

"ಹೊಯ್ಯಬೇಕು" ಎಂದರು.

"ಬಿಡ್ತಾರೇನ್ರಿ?"

"ಸರ್ಟಿಫಿಕೇಟಿನ ಕಾಯ್ದೆ ಐತಿ. ಬಿಡಲಾರ್ದೆ ಏನ್ ಮಾಡ್ತಾರ. ಆಗ ನೋಡೂಣು." ಅಷ್ಟು ಹೇಳಿ ಉಗುಳಿ ಹೋದರು.

ಆ ಸರ್ಟಿಫಿಕೇಟು ಇದ್ದರೆ ರೈಲ್ವೆ ವರ್ಕ್‌ಶಾಪಿಗೆ ಅರ್ಜಿ ಹಾಕಬಹುದಿತ್ತು. ಹಾರ್ಬರಿಗೆ ಹಾಕಬಹುದಿತ್ತು. ಅವ್ವನ ಕಾಲು ಮಣ್ಣಿನಿಂದ ಹೊರಗೆ ಬರುತ್ತಿತ್ತು. ನನಗೆ ಬೇಕಿದ್ದುದು ಅಷ್ಟೇ.

ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಕಾಲೇಜು ವಿಶ್ವವಿದ್ಯಾಲಯವಾಯಿತು. ಪಟಾಕಿ ಹೊಡೆದರು. ನಮಗೂ ಲಾಡು ಕೊಟ್ಟರು, ಹಿಂದಿನ ಬಾಗಿಲಲ್ಲಿ. ಮರುದಿನ ಸಂಜೆ ಕ್ಲಾಸಿನ ಕೋಣೆಗೆ ಬೀಗ ಬಿತ್ತು.

ಕೊಟ್ರಪ್ಪ ಮೇಷ್ಟ್ರನ್ನು ಕೇಳಿದೆ. ಅವರು ನೆಲ ನೋಡಿದರು. "ನನ್ನ ಕೈಯಾಗಿಲ್ಲ. ರಿಜಿಸ್ಟ್ರಾರ್ ಸಾಹೇಬರನ್ನ ಕೇಳ್ರಿ. ಕನ್ನಡದವ್ರು."

ಅವ್ವನಿಗೆ ಅದೇ ಆಸೆಯಾಯಿತು. ಕನ್ನಡದವರು, ಕೇಳುತ್ತಾರೆ. ರಿಜಿಸ್ಟ್ರಾರ್ ಕೃಷ್ಣಪ್ರಸಾದರು ನವರಾತ್ರಿಯಲ್ಲಿ ಕನ್ನಡದವರ ಸಭೆಯಲ್ಲಿ ರಾಗವಾಗಿ ಕಾವ್ಯ ಓದುತ್ತಾರೆ ಎಂದು ಓಣಿಯವರೆಗೂ ಸುದ್ದಿ ಇತ್ತು. ಪದ ಬಲ್ಲವರು ಕೆಟ್ಟವರಿರುವುದಿಲ್ಲ ಎಂದು ಅವ್ವ ನಂಬಿದ್ದಳು. ನಾನೂ ನಂಬಿದ್ದೆ. ಅಜ್ಜನ ತೊಡೆಯ ಮೇಲೆ ಕಲಿತ ನಂಬಿಕೆ.

ಕೆಲಸದ ನಡುವೆ ಒಂದಿಷ್ಟು ಬಿಡುವು ಸಿಕ್ಕಾಗ ಹೋದೆವು. ಕಾಲು ತೊಳೆಯಲು ನಲ್ಲಿಯಲ್ಲಿ ನೀರಿರಲಿಲ್ಲ. ಗೋಣಿಗೆ ತಿಕ್ಕಿಕೊಂಡು ಹೋದಳು.

"ಬನ್ನಿ ತಾಯಿ, ಬನ್ನಿ. ಈ ಬಿಲ್ಡಿಂಗಲ್ಲಿ ಕನ್ನಡ ಕೇಳಿ ಎಷ್ಟು ದಿನ ಆಯ್ತು!" ಎಂದರು ಕೃಷ್ಣಪ್ರಸಾದರು. ಎದುರಿಗೆ ಕುರ್ಚಿಗಳಿದ್ದವು. ಕೂರಿ ಎನ್ನಲಿಲ್ಲ.

"ಮಗಳ ಹೆಸರೇನು?"

"ಸರ್ವಮಂಗಳಾ ರೀ."

"ಅಬ್ಬಾ! ಸಾಕ್ಷಾತ್ ಅಮ್ಮನವರ ಹೆಸರು. ಯಾರಿಟ್ರು?"

"ನಮ್ಮಪ್ಪ ರೀ."

"ಭೇಷ್. ನಿಮ್ಮಲ್ಲೂ ಇಂಥ ಹೆಸರು ಇಡ್ತಾರೆ ಅಂತಾಯ್ತು."

ಅವ್ವ ಕೈಮುಗಿದೇ ಇದ್ದಳು. "ಪರೀಕ್ಷೆ ಒಂದು ಉಳದೈತಿ ರೀ. ಮೂರು ವರ್ಷ ಕಲ್ತಾಳ. ಒಂದ ದಿನದ ಕೆಲಸ. ಅದೊಂದು ಮಾಡಿಸ್ಕೊಡ್ರಿ."

"ನೋಡಿ ತಾಯಿ, ನಾವೀಗ ಯೂನಿವರ್ಸಿಟಿ. ಯೂನಿವರ್ಸಿಟಿ ಅಂದ ಮೇಲೆ ಸಂಜೆ ಕ್ಲಾಸು, ಸರ್ಟಿಫಿಕೇಟು ಅಂತೆಲ್ಲ ಇಟ್ಕೊಂಡು ಕೂರೋಕಾಗಲ್ಲ. ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದಿ ರೀ?"

ಅವರು ನಕ್ಕರು. ಮಗುವಿನ ಮಾತಿಗೆ ನಗುವ ಹಾಗೆ. "ಸಂಸ್ಥೇದು."

"ಆಕೀ ಪರೀಕ್ಷೆ?"

"ಕ್ಲಾಸೇ ಇಲ್ಲ ಅಂದ ಮೇಲೆ ಪರೀಕ್ಷೆ ಎಲ್ಲಿಂದ ತರೋದು? ಸತ್ತ ಎಮ್ಮೆ ಹಾಲು ಕರೆಯೋಕಾಗುತ್ತಾ?"

ನಾನು ಬಾಯಿ ಬಿಟ್ಟೆ. "ಅದು ತಾನಾಗಿ ಸಾಯಲಿಲ್ಲ ಸಾರ್. ನೀವು ಸಾಯಿಸಿದ್ರಿ."

ಅವರು ನನ್ನ ಕಡೆ ತಿರುಗಲೇ ಇಲ್ಲ. ಅವ್ವನಿಗೇ ಹೇಳಿದರು. "ಹುಡುಗಿ ಬಾಯಿ ಜೋರು. ಪರವಾಗಿಲ್ಲ, ಚಿಕ್ಕ ವಯಸ್ಸು. ನಾನೊಂದು ಉಪಕಾರ ಮಾಡ್ತೀನಿ. ಗೇಟಿನ ಮೇಲೆ ಹಾಕೋಕೆ ನಮ್ಮ ವಿಶ್ವವಿದ್ಯಾಲಯದ ಮುದ್ರೆ ಮಾಡಿಸ್ತಿದ್ದೀವಿ, ಕಬ್ಬಿಣದ್ದು. ನಮ್ಮ ಫೌಂಡ್ರಿಯಲ್ಲೇ. ಬಹಳ ಮಣ್ಣು ಬೇಕಂತೆ. ನಾಳೆಯಿಂದ ಇವಳೂ ತುಳಿಯಲಿ. ಆಮೇಲೆ ನಿಮ್ಮ ಜಾಗಕ್ಕೆ ಇವಳನ್ನೇ ತಗೋತೀವಿ. ಯೂನಿವರ್ಸಿಟಿ ನೌಕರಿ ತಾಯಿ ಅದು!"

ಆಗ ಅವರ ಕಣ್ಣು ನೆಲಕ್ಕೆ ಹೋಯಿತು. "ಅಯ್ಯಯ್ಯೋ."

ಹೊಸ ಮೊಸಾಯಿಕ್ ನೆಲ. ಬಾಗಿಲಿಂದ ನಾವು ನಿಂತಲ್ಲಿಯವರೆಗೆ ಕಪ್ಪು ಹೆಜ್ಜೆಗಳು. ಅವ್ವನವು. ಸೀಳು ಹಿಮ್ಮಡಿಯ ಗೆರೆ ಕೂಡ ಮೂಡಿತ್ತು.

"ದೊಡ್ಡ ದೊಡ್ಡವರು ಬಂದು ಹೋಗೋ ರೂಮು. ಹೋಗ್ತಾ ಸ್ವಲ್ಪ ಒರೆಸಿಬಿಡಿ ತಾಯಿ."

ಜವಾನ ಒಂದು ಗೋಣಿಬಟ್ಟೆಯನ್ನು ಕಾಲಿಂದ ನೂಕಿದ. ಅವ್ವ ಕೂತಳು. ಒರೆಸಿದಳು. ಒರೆಸುತ್ತ ಹಿಂದೆ ಸರಿದರೆ ಹೊಸ ಹೆಜ್ಜೆ ಬೀಳುತ್ತಿತ್ತು. ಅದನ್ನೂ ಒರೆಸಿದಳು. ಮತ್ತೆ ಬಿತ್ತು. ನಾನು ಬಟ್ಟೆ ಕಸಿದುಕೊಳ್ಳಹೋದೆ. ಕೊಡಲಿಲ್ಲ. ಕೊನೆಗೆ ಪಾದ ನೆಲಕ್ಕೆ ತಾಗದಂತೆ ಹಿಂದಕ್ಕೆ ಎತ್ತಿಕೊಂಡು, ಮೊಣಕಾಲ ಮೇಲೆ ತೆವಳಿದಳು. ನಮ್ಮವ್ವ. ಆ ಕಟ್ಟಡದ ಒಂದೊಂದು ಯಂತ್ರದ ಒಂದೊಂದು ಎರಕಕ್ಕೂ ಮಣ್ಣು ತುಳಿದವಳು. ಪಾದ ಎತ್ತಿಕೊಂಡು, ಮೊಣಕಾಲಲ್ಲಿ, ಬಾಗಿಲವರೆಗೂ.

ಕೃಷ್ಣಪ್ರಸಾದರು ಫೈಲು ನೋಡುತ್ತಿದ್ದರು. ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತ ಯಾವುದೋ ಪದ್ಯ ಗುನುಗುತ್ತಿದ್ದರು. ಭಕ್ತಿಯ ಪದ್ಯ. ರಾಗ ಎಲ್ಲೂ ತಪ್ಪಲಿಲ್ಲ.

ಹೊರಗೆ ಬಂದ ಮೇಲೆ ಅವ್ವ ಬೇವಿನ ಮರದ ಹತ್ತಿರ ನಿಂತು ಅಂದಳು, "ಪದ್ಯ ಚಂದ ಹೇಳ್ತಾನ."

ಅವಳು ಯಾವ ಸಾಹೇಬರನ್ನೂ ಏಕವಚನದಲ್ಲಿ ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮರುದಿನದಿಂದ ನಾನೂ ತುಳಿದೆ. ಮೊದಲ ದಿನವೇ ಬೆರಳ ಸಂದು ಒಡೆಯಿತು. ಎರಡನೇ ದಿನ ಸೊಂಟ ಹಿಡಿಯಿತು. ರತ್ನಾವತಿಯತ್ತೆ ನನ್ನ ಸೊಂಟಕ್ಕೆ ಕೈ ಹಾಕಿ ತಮಾಷೆ ಮಾಡಿದಳು. "ಬಾಮ್ಮಾ ಯೂನಿವರ್ಸಿಟಿ! ಓದಿದ ಕಾಲು ಹೆಂಗ ತುಳೀತೈತಿ ನೋಡ್ರೇ." ನನಗೆ ನಗು ಬರಲಿಲ್ಲ. ಅವಳಿಗೂ ಬಂದಿರಲಿಲ್ಲ. ಮನೆಗೆ ಹೋದರೆ ಇರುವೆ ನನ್ನ ಕಾಲಿಗೂ ಬಂದವು. ಅವ್ವ ಅದನ್ನು ನೋಡಿದಳು. ಸೀಮೆಎಣ್ಣೆ ಬಟ್ಟೆ ನನ್ನ ಕಡೆ ಚಾಚಿದಳು. ಅರ್ಧಕ್ಕೇ ಕೈ ನಿಂತಿತು. ಬಟ್ಟೆ ಹಿಂದಕ್ಕೆ ತೆಗೆದುಕೊಂಡಳು.

"ಆ ಗಾಲಿ ಅಚ್ಚು ಮಾಡಾಕ ಎಷ್ಟೊತ್ತು ಬೇಕು ನಿನಗ?"

"ಯಾಕಬೇ?"

"ಕೇಳಿದ್ದಕ್ಕ ಹೇಳು."

"ಮಣ್ಣಿದ್ರ ಅರ್ಧ ದಿನ."

"ಮಣ್ಣು ನಾ ಕೊಡ್ತೀನಿ. ಮಾಡು."

"ಮಾಡಿ? ಕಬ್ಬಿಣ ಯಾರು ಹೊಯ್ತಾರ? ಪರೀಕ್ಷೆ ಎಲ್ಲೈತಿ?"

"ನೀ ಮಾಡವ್ವ."

ಮುದ್ರೆಯ ಅಚ್ಚಿನ ಕೆಲಸ ನಡೆಯುತ್ತಿದ್ದಾಗಲೇ, ಶೆಡ್ಡಿನ ಮೂಲೆಯಲ್ಲಿ, ಉಳಿದ ಮಣ್ಣಿನಲ್ಲಿ, ಊಟದ ಬಿಡುವಿನಲ್ಲಿ ನಾನು ಗಾಲಿಯ ಅಚ್ಚು ಮಾಡಿದೆ. ಪೆಟ್ಟಿಗೆ ತುಂಬಿ ಕುಟ್ಟಿದೆ. ಗಾಳಿ ಹೋಗಲು ಕಡ್ಡಿ ಚುಚ್ಚಿದೆ. ಕಬ್ಬಿಣ ಇಳಿಯಲು ಒಂದು ಬಾಯಿ, ತುಂಬಿ ಮೇಲೆ ಬರಲು ಇನ್ನೊಂದು ಬಾಯಿ ತೆಗೆದೆ. ಕೊಟ್ರಪ್ಪ ಮೇಷ್ಟ್ರು ಆ ಕಡೆ ಬಂದರು. ನೋಡಿದರು. ಕಾಲೆತ್ತಿದರು. ಒದ್ದು ಕೆಡವುತ್ತಾರೆ ಎಂದುಕೊಂಡೆ. ಪಕ್ಕದಲ್ಲಿದ್ದ ಗೋಣಿಚೀಲವನ್ನು ಕಾಲಿಂದಲೇ ಎಳೆದು ಅಚ್ಚಿನ ಮೇಲೆ ಮುಚ್ಚಿ, ಹೋದರು.

ಮುದ್ರೆ ಹೊಯ್ಯುವ ದಿನ ಬಂತು. ಬೆಳಗ್ಗೆಯಿಂದ ಕುಲುಮೆ ಉರಿಯುತ್ತಿತ್ತು. ಮುದ್ರೆಯದು ನೆಲದಲ್ಲೇ ಮಾಡಿದ ಅಗಲವಾದ ಅಚ್ಚು. ಮೇಲೆ ಮುಚ್ಚಳವಿಲ್ಲ. ಕಬ್ಬಿಣ ಅಕ್ಷರಗಳೊಳಗೆ ಹರಿಯುವುದನ್ನು ದೊಡ್ಡವರು ಕಣ್ಣಾರೆ ನೋಡಬೇಕಿತ್ತು. ನಡುವೆ ದೀಪ, ಅದರ ಸುತ್ತ ಹಲ್ಲುಗಾಲಿ, ಅದರ ಸುತ್ತ ವಿಶ್ವವಿದ್ಯಾಲಯದ ಹೆಸರು. ಮಣ್ಣಿನಲ್ಲಿ ಬಹಳ ಚೆನ್ನಾಗಿ ಮೂಡಿತ್ತು. ನಮ್ಮ ಮಣ್ಣು. ಚೆನ್ನಾಗಿ ಮೂಡದೆ ಏನು ಮಾಡೀತು.

ವಿಶ್ವನಾಥನ್ ಕರಣೆ ಹಿಡಿದು ನಮ್ಮ ಹೆಜ್ಜೆಗಳನ್ನೆಲ್ಲ ಸವರಿದ್ದ. ಎಲ್ಲರೂ ಸ್ನಾನ ಮಾಡಿ ಮಡಿಯಲ್ಲಿ ಬಂದಿದ್ದರು. ಪೂಜೆಗೆ ಐಯರ್ ಬಂದಿದ್ದರು. ಕೃಷ್ಣಪ್ರಸಾದರು ರೇಷ್ಮೆ ಅಂಚಿನ ಪಂಚೆ ಉಟ್ಟಿದ್ದರು. ಪ್ರೊಫೆಸರುಗಳು ಗೋಡೆಗೆ ಸಾಲಾಗಿ ನಿಂತಿದ್ದರು. ಮಂತ್ರವಾಯಿತು. ಕರ್ಪೂರವಾಯಿತು. ಕುಲುಮೆಯ ಬಾಯಿ ತೆಗೆದರು. ಕೆಂಪು ಕಬ್ಬಿಣ ಲೇಡಲ್ ಎಂಬ ದೊಡ್ಡ ಸೌಟಿಗೆ ಇಳಿಯಿತು. ಅದಕ್ಕೆ ಎರಡು ಕಡೆ ಉದ್ದ ಹಿಡಿ. ಒಂದು ತುದಿ ಕೊಟ್ರಪ್ಪ ಮೇಷ್ಟ್ರು ಹಿಡಿದರು, ಇನ್ನೊಂದನ್ನು ಒಬ್ಬ ಆಳು ಹಿಡಿದ.

"ವೆಳಿಯೆ ಪೋಂಗಮ್ಮಾ! ಎಲ್ಲಾರುಂ ವೆಳಿಯೆ!" ಹೊರಗೆ ಹೋಗಿ ಎಂದು ವಿಶ್ವನಾಥನ್ ಕೂಗಿದ.

ರತ್ನಾವತಿಯತ್ತೆ ಹೊರಟಳು. ಉಳಿದವರೂ ಹೊರಟರು. ಅವ್ವ ಹೊರಡಲಿಲ್ಲ. ನನ್ನ ಕೈ ಹಿಡಿದು ಒಂದು ಸಲ ಒತ್ತಿದಳು. ಬಿಟ್ಟಳು. ಕಾಕಂಬಿಯ ಡಬ್ಬದ ಪಕ್ಕದಿಂದ ನೇರ ನಡೆದಳು. ಕೃಷ್ಣಪ್ರಸಾದರ ಮುಂದೆ ಹಾದಳು. ಐಯರನ್ನು ಹಾದಳು. ಅಚ್ಚಿನೊಳಗೆ ಇಳಿದಳು.

ಎರಡು ಕಾಲನ್ನೂ ದೀಪದ ಮೇಲೆ ಇಟ್ಟು ನಿಂತಳು.

ಕುಲುಮೆ ಬುಸುಗುಡುತ್ತಿತ್ತು.

"ಏನ್ ತಾಯಿ ಇದು? ಬನ್ನಿ, ಬನ್ನಿ ಈಚೆಗೆ" ಎಂದರು ಕೃಷ್ಣಪ್ರಸಾದರು. ಇನ್ನೂ ನಗುತ್ತಿದ್ದರು.

"ನನ್ನ ಮಗಳ ಪರೀಕ್ಷೆ ರೀ ಇವತ್ತು."

"ಇದು ಪರೀಕ್ಷೆ ಅಲ್ಲ, ಸಮಾರಂಭ!"

"ನಿಮಗ ಸಮಾರಂಭ. ಆಕೀಗೆ ಪರೀಕ್ಷೆ. ಆಕೀ ಅಚ್ಚು ಅಲ್ಲೈತಿ ಮೂಲ್ಯಾಗ. ಆಕೀ ಹೊಯ್ಯಲಿ. ಆಮ್ಯಾಲೆ ನಾ ಮ್ಯಾಲೆ ಬರ್ತೀನಿ."

"ಕಬ್ಬಿಣ ಆರಿಹೋಗುತ್ತೆ! ವಿಶ್ವನಾಥನ್!"

"ಆರಿಹೋಗ್ತೈತಿ. ಗೊತ್ತೈತಿ ನನಗ." ಅವ್ವ ಕಾಲು ಅಲ್ಲಾಡಿಸಲಿಲ್ಲ. "ಅವಸರ ಇದ್ರ ಹೊಯ್ರಿ. ನನ್ನ ಕಾಲ ಮ್ಯಾಲೇ ಹೊಯ್ರಿ. ಎಷ್ಟು ವರ್ಷ ಅಳಿಸಿದ್ರಿ ಈ ಹೆಜ್ಜಿನ. ಒಂದು ಸಲ ಎರಕ ಹೊಯ್ದು ಬಿಡ್ರಿ."

ಆಗ ಕೃಷ್ಣಪ್ರಸಾದರ ಬಾಯಿಂದ ತಾಯಿ ಎಂಬ ಮಾತು ಹೋಯಿತು. "ಎಳೆದು ಹಾಕ್ರೋ ಆ ಮಾದಗಿತ್ತೀನ!" ಎಂದರು. ರಾಗವಿಲ್ಲ, ತಾಳವಿಲ್ಲ. ಅವರ ನಿಜವಾದ ಕನ್ನಡ ನಮ್ಮ ಊರಿನ ಕನ್ನಡದಷ್ಟೇ ಒರಟಾಗಿತ್ತು.

ಯಾರೂ ಎಳೆಯಲಿಲ್ಲ.

ವಿಶ್ವನಾಥನ್ ಎರಡು ಹೆಜ್ಜೆ ಮುಂದೆ ಬಂದ. ಅವ್ವ ಅವನ ಕಡೆ ಕೈ ಚಾಚಿದಳು. "ಬಾ ಫೋರ್‌ಮನ್. ಹಿಡಿ." ಅವನು ಐಯರ ಮುಖ ನೋಡಿದ. ತನ್ನ ಮಡಿಪಂಚೆ ನೋಡಿಕೊಂಡ. ನಿಂತ. ಆಳುಗಳು ನಿಂತರು. ಪ್ರೊಫೆಸರುಗಳು ಗೋಡೆಗೆ ಇನ್ನಷ್ಟು ಒತ್ತಿಕೊಂಡರು. ಕೃಷ್ಣಪ್ರಸಾದರು ತಾವೇ ಒಂದು ಹೆಜ್ಜೆ ಇಟ್ಟು, ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಮಡಿ. ಇಷ್ಟು ವರ್ಷ ನಮ್ಮನ್ನು ಮುಟ್ಟದೆ ದೂರ ಇಟ್ಟಿದ್ದ ಮಡಿ. ಅವತ್ತು ಅದೇ ಅವ್ವನ ಸುತ್ತ ಗೋಡೆ ಕಟ್ಟಿ ನಿಂತಿತು. ಮುಟ್ಟದೆ ಎಳೆಯುವುದು ಹೇಗೆ? ಅದಕ್ಕೆ ಅವರ ಯಾವ ವಿದ್ಯೆಯಲ್ಲೂ ದಾರಿ ಇರಲಿಲ್ಲ.

ಲೇಡಲ್ಲಿನ ಅಂಚಿನಲ್ಲಿ ಕಬ್ಬಿಣ ಕಪ್ಪಾಗತೊಡಗಿತು. ಹಿಡಿಯ ಇನ್ನೊಂದು ತುದಿಯಲ್ಲಿದ್ದ ಆಳು, "ಸಾರ್, ಕೆನೆ ಕಟ್ಟುತ್ತಿದೆ" ಎಂದು ತಮಿಳಿನಲ್ಲಿ ಅಳುತ್ತಿದ್ದ.

ಆಗ ಅವ್ವ ಪದ ಎತ್ತಿದಳು. ತುಟಿಯೊಳಗಲ್ಲ. ಅಜ್ಜ ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದನಲ್ಲ, ಹಾಗೆ. ಸೈಲೆನ್ಸ್ ಬೋರ್ಡಿನ ಕೆಳಗೆ. ಅನ್ನ ಕೊಡುವ ಜಾಗದಲ್ಲಿ ಹೇಳಬಾರದೆಂದಿದ್ದ ಆ ಕೊನೆಯ ಸೊಲ್ಲು.

ಮುನಿದ ದಿನ ಈ ಮಣ್ಣಿಗೆ ತಂಗಿ, ಒಡೆಯನ ಹೆಸರೇ ತಿಳಿದಿಲ್ಲ.

ಹೇಳುತ್ತ ತುಳಿದಳು. ಒಂದು ಕಾಲು ದೀಪದ ಮೇಲೆ. ಒಂದು ಕಾಲು ಹೆಸರಿನ ಮೇಲೆ. ಪಚಕ್. ಪಚಕ್. ಬೇವಿನ ಮರದ ಆಚೆಯಿಂದ ರತ್ನಾವತಿಯತ್ತೆ ಸೊಲ್ಲು ಹಿಡಿದಳು. ಉಳಿದ ಹೆಂಗಸರು ಹಿಡಿದರು.

ಕೊಟ್ರಪ್ಪ ಮೇಷ್ಟ್ರು ತಲೆ ಎತ್ತಿದರು. ಬೆವರು ಅವರ ವಿಭೂತಿಯನ್ನು ಕಣ್ಣಿಗೆ ಇಳಿಸುತ್ತಿತ್ತು. ಆಳಿನ ಕಡೆ ತಿರುಗಿ, "ಬಿಡಲೇ ನೀನು" ಎಂದರು. ಆಮೇಲೆ ನನ್ನ ಕಡೆ ನೋಡಿದರು.

"ಏನ್ ನೋಡ್ತಿ? ಹಿಡಿ!"

ಅಲ್ಲಿಡು ಎನ್ನಲಿಲ್ಲ. ಹಿಡಿ ಎಂದರು. ಆ ಕಬ್ಬಿಣದ ಹಿಡಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಾನು ಒಳಗೆ ನಿಂತು ಹೊಯ್ದದ್ದು ಅದೇ ಮೊದಲು. ಮುಖದ ಚರ್ಮ ಸುಟ್ಟಿತು. ಜಾಲರಿ ಇರಲಿಲ್ಲ ನಡುವೆ. ಗೋಣಿಚೀಲ ಒದ್ದು ಸರಿಸಿದೆ. "ನಿಧಾನ. ದಾರ ಹರೀದಂಗ ಹೊಯ್ಯಿ" ಎಂದರು ಮೇಷ್ಟ್ರು. ಹೊಯ್ದೆ. ಗಾಲಿಯ ಅಚ್ಚು ನುಂಗಿತು, ನುಂಗಿತು, ಆಚೆ ಬಾಯಲ್ಲಿ ಕೆಂಪಾಗಿ ಉಕ್ಕಿ ನಿಂತಿತು. ತುಂಬಿತ್ತು. ಉಳಿದದ್ದನ್ನು ನೆಲಕ್ಕೆ ಸುರಿದೆವು. ಅವರ ಮುದ್ರೆಗೆ ಒಂದು ಹನಿ ಉಳಿಯಲಿಲ್ಲ.

ಅವ್ವ ಅಚ್ಚಿನಿಂದ ಮೇಲೆ ಬಂದಳು. ವಿಶ್ವನಾಥನ್ ಕರಣೆ ಹಿಡಿದು ಹೆಜ್ಜೆ ಸವರಲು ಬಗ್ಗಿದ, ರೂಢಿಯಂತೆ. ಸವರಿ ಉಳಿಸಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ನಡಿ" ಎಂದಳು ನನಗೆ. ಹಿಂದಿನ ಬಾಗಿಲ ಕಡೆ ತಿರುಗಿದೆ. "ಆ ಕಡೆ ಅಲ್ಲ."

ಕಾಲೇಜಿನ ಒಳಗಿಂದಲೇ ನಡೆದಳು. ಲೆಕ್ಚರ್ ಹಾಲಿನ ಮುಂದೆ. ರಿಜಿಸ್ಟ್ರಾರ್ ಕೋಣೆಯ ಮುಂದೆ. ಹೊಸ ಮೊಸಾಯಿಕ್ ಮೆಟ್ಟಿಲ ಮೇಲೆ. ಕಾಲ ತುಂಬ ಹಸಿ ಕಾಕಂಬಿ. ಒಂದೊಂದು ಹೆಜ್ಜೆಯನ್ನೂ ಒತ್ತಿ ಇಟ್ಟಳು, ಸೀಳಿನ ಗೆರೆ ಸಹಿತ. ಅಜ್ಜ ಪಾಯ ತೋಡಿದ ಕಾಲದಲ್ಲಿ ಎಲ್ಲರಿಗೂ ಒಂದೇ ಇದ್ದ ಆ ಮುಂದಿನ ಬಾಗಿಲಿಂದ ಹೊರಗೆ ಬಂದಳು.

ಒರೆಸಲಿಲ್ಲ.

ಅವ್ವನ ಕೆಲಸ ಹೋಯಿತು. ನನ್ನದು ಇರಲೇ ಇಲ್ಲ. ಕೊಟ್ರಪ್ಪ ಮೇಷ್ಟ್ರನ್ನು ತೆಗೆದು ಹಾಕಿದರು. ಮರುದಿನ ಅವರು ಗೋಣಿಯಲ್ಲಿ ಸುತ್ತಿದ ಗಾಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಓಣಿಗೆ ಬಂದರು. ಅದನ್ನು ಕೆಳಗಿಟ್ಟು ಸುತ್ತಿಗೆಯಿಂದ ತಟ್ಟಿದರು. ಗಂಟೆಯ ಹಾಗೆ ಕೂಗಿತು. "ಗುಳ್ಳಿ ಇಲ್ಲ" ಎಂದರು. "ಪಾಸು." ನೀರು ಕೇಳಿದರು. ಅವ್ವ ಚೊಂಬು ಕೊಟ್ಟಳು. ಕುಡಿದರು. ಅದನ್ನು ದೊಡ್ಡ ಸಂಗತಿ ಎಂದು ನಾನು ಬರೆಯುವುದಿಲ್ಲ. ಬಾಯಾರಿದ ಮನುಷ್ಯ ನೀರು ಕುಡಿದ, ಬಹಳ ತಡವಾಗಿ.

ಸರ್ಟಿಫಿಕೇಟು ಕೊಡಲಿಲ್ಲ. ಇಂದಿಗೂ ಕೊಟ್ಟಿಲ್ಲ.

ಉದ್ಘಾಟನೆಗೆ ಗೇಟಿನ ಮೇಲೆ ಪ್ಲೈವುಡ್ಡಿನ ಮುದ್ರೆ ಹಾಕಿದರು, ಬಂಗಾರದ ಬಣ್ಣ ಬಳಿದು. ದೂರದಿಂದ ಕಬ್ಬಿಣದ ಹಾಗೇ ಕಾಣುತ್ತದೆ. ಆ ದಿನ ಸಂಜೆ ರತ್ನಾವತಿಯತ್ತೆ ಓಡಿ ಬಂದಳು. ಅವಳಿಗೆ ಅಲ್ಲಿ ಕುರ್ಚಿ ಎತ್ತುವ ಕೆಲಸವಿತ್ತು. ನಗು ತಡೆಯಲಾರದೆ ಹೊಸ್ತಿಲ ಮೇಲೇ ಕೂತಳು.

"ಫಿನಾಯಿಲ್ ಹಾಕಿ ಹಾಕಿ ತಿಕ್ಕಿಸ್ಯಾರಬೇ ಆ ಮೆಟ್ಲ. ಸಂದ್ಯಾಗ ಇಳಿದದ್ದು ಎಲ್ಲಿ ಹೋಗ್ತೈತಿ? ಇರುವಿ! ಮೆಟ್ಲದಿಂದ ಅದರ ಮುಂದ ಹಾಕಿದ ಸ್ಟೇಜಿನ ತನಕ, ಇಷ್ಟುದ್ದ ಸಾಲು! ದೊಡ್ಡವರೆಲ್ಲ ಕಾಲ ಮ್ಯಾಲೆ ಕಾಲು ತಿಕ್ಕೊಂತ ಕುಂತಾರ. ನಿಮ್ಮ ಪದ್ಯದ ಸಾಹೇಬ ಸ್ವಾಗತ ಭಾಷಣ ಮಾಡಾಕ ನಿಂತು, ಪಂಚೆ ಎತ್ತಿ ಎತ್ತಿ ಒದರ್ತಾನ!"

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕಾಲು ಚಾಚಿದ್ದಳು. ಕೈಯಲ್ಲಿ ಸೀಮೆಎಣ್ಣೆ ಬಟ್ಟೆ.

"ಕಚ್ಚಿದ್ವೇನು?" ಎಂದಳು.

"ಕಚ್ಚಿದ್ವು!"

ಅವ್ವ ತನ್ನ ಕಾಲು ನೋಡಿಕೊಂಡಳು. ಹಿಮ್ಮಡಿಯ ಸೀಳಿನಲ್ಲಿ ನಾಲ್ಕಾರು ಓಡಾಡುತ್ತಿದ್ದವು. ಬಟ್ಟೆಯನ್ನು ಮೂಲೆಗೆ ಎಸೆದಳು.

"ಇರ್ಲಿ ಬಿಡು" ಎಂದಳು. "ನಮ್ಮವ."